ಹಾಲು ಮಾಯವಾದ ಸಂಜೆ

ನಮಸ್ಕಾರ. ಇವತ್ತು ಜಾರ್ಜ್ ಆರ್ವೆಲ್ ಬರೆದ ‘ಅನಿಮಲ್ ಫಾರ್ಮ್’ ಬಗ್ಗೆ ಮಾತಾಡೋಣ. ಓದದೇ ಇರುವವರಿಗೂ ಕಥೆ ಸ್ವಲ್ಪ ಗೊತ್ತಿರುತ್ತದೆ. ಜೋನ್ಸ್ ಎಂಬ ಕುಡುಕ ಯಜಮಾನನನ್ನು ಪ್ರಾಣಿಗಳು ಓಡಿಸುತ್ತವೆ. ಫಾರ್ಮ್ ಅವುಗಳ ಕೈಗೆ ಬರುತ್ತದೆ. ಕೊನೆಗೆ ಹಂದಿಗಳೇ ಹೊಸ ಯಜಮಾನರಾಗುತ್ತವೆ. 1917ರ ರಷ್ಯಾದ ಕ್ರಾಂತಿ, ಆಮೇಲೆ ಬಂದ ಸ್ಟಾಲಿನ್ ಆಳ್ವಿಕೆ, ಎರಡೂ ಇಲ್ಲಿ ಪ್ರಾಣಿಗಳ ವೇಷದಲ್ಲಿವೆ.

ನನ್ನ ಪ್ರಶ್ನೆ ಒಂದೇ. ಈ ಕ್ರಾಂತಿ ಹಾದಿ ತಪ್ಪಿದ್ದು ಯಾವಾಗ?

ಯಾರನ್ನು ಕೇಳಿದರೂ ನಾಯಿಗಳ ಪ್ರಸಂಗ ಹೇಳುತ್ತಾರೆ. ನೆಪೋಲಿಯನ್ ಎಂಬ ಹಂದಿ ಗುಟ್ಟಾಗಿ ಸಾಕಿದ ಒಂಬತ್ತು ನಾಯಿಗಳನ್ನು ಛೂ ಬಿಟ್ಟು, ತನ್ನ ಎದುರಾಳಿ ಸ್ನೋಬಾಲನ್ನು ಫಾರ್ಮಿನಿಂದ ಓಡಿಸುತ್ತದಲ್ವಾ, ಅದು. ಸ್ಟಾಲಿನ್ ಕ್ರಾಂತಿಯ ಇನ್ನೊಬ್ಬ ನಾಯಕ ಟ್ರಾಟ್‌ಸ್ಕಿಯನ್ನು ಹೊರಗೆ ಹಾಕಿದ ಕಥೆ. ಓದುವಾಗ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಅಷ್ಟು ಹೊತ್ತಿಗೆ ಎಲ್ಲಾ ಮುಗಿದಿತ್ತು ಅಂತ ನನ್ನ ವಾದ.

ಎರಡನೇ ಅಧ್ಯಾಯದ ಕೊನೆ ನೋಡಿ. ದಂಗೆ ಗೆದ್ದ ಮರುದಿನ. ಹಸುಗಳ ಹಾಲು ಕರೆದು ಒಂದು ದಿನ ಆಗಿಹೋಗಿದೆ. ಹಂದಿಗಳು ಹೇಗೋ ಕಷ್ಟಪಟ್ಟು ಹಾಲು ಕರೆಯುತ್ತವೆ. ಐದು ಬಕೆಟ್ ನೊರೆಹಾಲು. ಇದನ್ನೇನು ಮಾಡೋದು ಅಂತ ಯಾರೋ ಕೇಳುತ್ತಾರೆ. ಜೋನ್ಸ್ ಇದ್ದಾಗ ನಮ್ಮ ತಿಂಡಿಗೂ ಸ್ವಲ್ಪ ಬೆರೆಸುತ್ತಿದ್ದ ಅಂತ ಒಂದು ಕೋಳಿ ಹೇಳುತ್ತದೆ. ಹಾಲಿನ ಚಿಂತೆ ಬಿಡಿ, ಹುಲ್ಲು ಕೊಯ್ಯೋದು ಮುಖ್ಯ, ನಡೀರಿ ಅಂತ ನೆಪೋಲಿಯನ್ ಎಲ್ಲರನ್ನೂ ಹೊಲಕ್ಕೆ ಕಳಿಸುತ್ತದೆ. ಸಂಜೆ ವಾಪಸ್ ಬಂದಾಗ ಹಾಲು ಇಲ್ಲ. ಅಧ್ಯಾಯ ಅಲ್ಲಿಗೇ ಮುಗಿಯುತ್ತದೆ.

ಆಮೇಲೆ ಗೊತ್ತಾಗುತ್ತದೆ, ಹಾಲು ದಿನಾ ಹಂದಿಗಳ ಊಟಕ್ಕೆ ಹೋಗುತ್ತಿತ್ತು ಅಂತ. ತೋಟದಲ್ಲಿ ಬಿದ್ದ ಸೇಬೂ ಅವಕ್ಕೇ. ಸ್ಕ್ವೀಲರ್ ಎಂಬ ಮಾತುಗಾರ ಹಂದಿ ಬಂದು ಸಮಜಾಯಿಷಿ ಕೊಡುತ್ತದೆ. ನಮಗೇನೂ ಹಾಲಿನ ಮೇಲೆ ಆಸೆ ಇಲ್ಲ, ನಾವು ತಲೆ ಉಪಯೋಗಿಸುವವರು, ನಿಮಗೋಸ್ಕರವೇ ಕುಡಿಯುತ್ತೇವೆ, ನಾವು ಸೋತರೆ ಜೋನ್ಸ್ ಮತ್ತೆ ಬರುತ್ತಾನೆ, ನಿಮಗದು ಬೇಕಾ? ಯಾರಿಗೆ ಬೇಕು! ಎಲ್ಲರೂ ಸುಮ್ಮನಾಗುತ್ತಾರೆ.

ಈ ಜಾಗದಲ್ಲಿ ಆರ್ವೆಲ್ ಒಂದು ಸಣ್ಣ ಮಾತು ಸೇರಿಸುತ್ತಾರೆ. ಈ ವಿಷಯದಲ್ಲಿ ಹಂದಿಗಳಲ್ಲೆಲ್ಲಾ ಒಮ್ಮತ ಇತ್ತು, ಸ್ನೋಬಾಲ್ ಮತ್ತು ನೆಪೋಲಿಯನ್ ನಡುವೆ ಕೂಡ. ದಿನಾ ಕಚ್ಚಾಡುವ ಇಬ್ಬರು ಹಾಲಿನ ವಿಷಯಕ್ಕೆ ಮಾತ್ರ ಒಂದಾದರು! ಸ್ನೋಬಾಲ್ ಉಳಿದಿದ್ದರೆ ಎಲ್ಲಾ ಸರಿ ಇರುತ್ತಿತ್ತು ಅನ್ನುವವರು ಈ ಸಾಲನ್ನು ಇನ್ನೊಮ್ಮೆ ಓದಬೇಕು.

ಇದು ನನ್ನ ಕಲ್ಪನೆ ಅಲ್ಲ. 1946ರ ಡಿಸೆಂಬರಿನಲ್ಲಿ ಅಮೆರಿಕದ ಪತ್ರಕರ್ತ ಡ್ವೈಟ್ ಮ್ಯಾಕ್‌ಡೊನಾಲ್ಡ್‌ಗೆ ಬರೆದ ಕಾಗದದಲ್ಲಿ ಆರ್ವೆಲ್ಲೇ ಹೇಳಿದ್ದಾರೆ: ಕಥೆಯ ತಿರುವು ಇರೋದು ಹಂದಿಗಳು ಹಾಲು, ಸೇಬು ತಮಗೇ ಇಟ್ಟುಕೊಂಡ ಕಡೆ. ಪಕ್ಕದಲ್ಲೇ ಒಂದು ಊರಿನ ಹೆಸರನ್ನೂ ಬರೆದಿದ್ದಾರೆ. ಕ್ರೋನ್‌ಸ್ಟಾಟ್.

ಅದು ಪೆಟ್ರೋಗ್ರಾಡ್, ಅಂದರೆ ಇವತ್ತಿನ ಸೇಂಟ್ ಪೀಟರ್ಸ್‌ಬರ್ಗ್ ಹತ್ತಿರದ ನೌಕಾನೆಲೆ. ಅಲ್ಲಿನ ನಾವಿಕರು 1917ರಲ್ಲಿ ಕ್ರಾಂತಿಯ ಮುಂಚೂಣಿಯಲ್ಲಿದ್ದವರು. 1921ರ ಫೆಬ್ರುವರಿ ಕೊನೆಯಲ್ಲಿ ‘ಪೆಟ್ರೋಪಾವ್ಲೊವ್‌ಸ್ಕ್’ ಎಂಬ ಯುದ್ಧನೌಕೆಯ ಮೇಲೆ 15 ಬೇಡಿಕೆಗಳನ್ನು ಮುಂದಿಟ್ಟರು. ಸೋವಿಯತ್‌ಗಳಿಗೆ (ಕಾರ್ಮಿಕರ, ರೈತರ, ಸೈನಿಕರ ಚುನಾಯಿತ ಮಂಡಳಿಗಳಿಗೆ) ಗುಟ್ಟಿನ ಮತದಾನದಲ್ಲಿ ಹೊಸ ಚುನಾವಣೆ ಆಗಬೇಕು. ಕಾರ್ಮಿಕರಿಗೆ, ರೈತರಿಗೆ ಮಾತಾಡುವ ಸ್ವಾತಂತ್ರ್ಯ ಬೇಕು. ಆ ಪಟ್ಟಿಯಲ್ಲಿ ರೇಷನ್ನೂ ಇತ್ತು. ಅಪಾಯದ ಕೆಲಸ ಮಾಡುವವರನ್ನು ಬಿಟ್ಟು ಉಳಿದ ದುಡಿಯುವವರಿಗೆಲ್ಲಾ ಸಮನಾದ ರೇಷನ್ ಕೊಡಿ ಅಂತ ಕೇಳಿದ್ದರು. ಅಂದರೆ, ಹಾಲು ಎಲ್ಲಿ ಹೋಯ್ತು ಅಂತಲೇ ಕೇಳಿದ್ದು.

ಉತ್ತರವಾಗಿ ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆದು ಸರ್ಕಾರದ ಕೆಂಪು ಸೇನೆ ಬಂತು. ಮಾರ್ಚ್ 18ರ ಹೊತ್ತಿಗೆ ಕೋಟೆ ಬಿತ್ತು. ಆಗ ಯುದ್ಧಖಾತೆ ಯಾರ ಕೈಯಲ್ಲಿತ್ತು ಗೊತ್ತಾ? ಟ್ರಾಟ್‌ಸ್ಕಿ ಕೈಯಲ್ಲಿ. ಸ್ನೋಬಾಲ್ ಹಾಲಿಗೆ ಒಪ್ಪಿದ್ದರ ಹಿಂದಿನ ಇತಿಹಾಸ ಇದು. ಸೇನೆ ನಡೆಸಿದ ತುಖಾಚೆವ್‌ಸ್ಕಿಯನ್ನು 1937ರಲ್ಲಿ ಸ್ಟಾಲಿನ್ ಕೊಲ್ಲಿಸಿದ. ಟ್ರಾಟ್‌ಸ್ಕಿಯ ಕೊಲೆ 1940ರಲ್ಲಿ ಮೆಕ್ಸಿಕೋದಲ್ಲಿ ಆಯಿತು. 1921ರಲ್ಲಿ ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಿದವರ ಪರವಾಗಿ ಪ್ರಶ್ನೆ ಕೇಳುವುದಕ್ಕೆ ಆ ದೇಶದಲ್ಲಿ ಯಾರೂ ಉಳಿದಿರಲಿಲ್ಲ.

ಈ ಕಥೆಯಲ್ಲಿ ನನಗೆ ತುಂಬಾ ಸಂಕಟ ಕೊಡುವ ಪಾತ್ರ ಬೆಂಜಮಿನ್, ಆ ಮುದಿ ಕತ್ತೆ. ಕ್ಲೋವರ್ ಎಂಬ ಕುದುರೆಗೆ ಏನೋ ತಪ್ಪಾಗಿದೆ ಅಂತ ಅನ್ನಿಸುತ್ತಲೇ ಇರುತ್ತದೆ. ದಂಗೆಯಾದ ಮೇಲೆ ಗೋಡೆಯ ಮೇಲೆ ಬರೆದ ನಿಯಮ ಹೀಗಿರಲಿಲ್ಲವಲ್ಲ ಅಂತ ಅನುಮಾನ. ಆದರೆ ಅವಳಿಗೆ ಓದಲು ಬರುವುದಿಲ್ಲ, ಇನ್ನೊಬ್ಬರ ಹತ್ತಿರ ಓದಿಸಬೇಕು. ಬೆಂಜಮಿನ್‌ಗೆ ಹಂದಿಗಳಷ್ಟೇ ಚೆನ್ನಾಗಿ ಓದಲು ಬರುತ್ತದೆ. ಕ್ಲೋವರ್ ಕೇಳಿದರೂ ಇಂಥದ್ದರಲ್ಲಿ ನಾನು ತಲೆಹಾಕುವುದಿಲ್ಲ ಅನ್ನುತ್ತಾನೆ. ಮೊದಲಿಂದಲೂ ಎಲ್ಲಾ ಅರ್ಥವಾಗಿತ್ತು ಅವನಿಗೆ. ಕೊನೆಗೆ ಗೆಳೆಯ ಬಾಕ್ಸರ್ ಎಂಬ ದುಡಿಮೆಗಾರ ಕುದುರೆಯನ್ನು ಗಾಡಿಯಲ್ಲಿ ತುಂಬಿಕೊಂಡು ಹೊರಟಾಗ ಮಾತ್ರ ಓಡಿ ಬಂದು, ಗಾಡಿಯ ಮೇಲೆ ಬರೆದಿದ್ದನ್ನು ಜೋರಾಗಿ ಓದುತ್ತಾನೆ. ಅದು ಕಸಾಯಿಯವನ ಗಾಡಿ. ಎಷ್ಟೋ ಓದುಗರು ಬೆಂಜಮಿನ್‌ನನ್ನು ಜ್ಞಾನಿ ಅಂತ ಮೆಚ್ಚುತ್ತಾರೆ. ನನಗೆ ಆಗಲ್ಲ. ಓದಲು ಬರುವವನು ಹಾಲು ಹೋದ ದಿನವೇ ಬಾಯಿ ಬಿಡಬೇಕಿತ್ತು. ಆಗ ಬಾಕ್ಸರ್‌ಗೆ ಇನ್ನೂ ಮೈಯಲ್ಲಿ ಕಸುವಿತ್ತು, ನಾಯಿಗಳು ಇನ್ನೂ ಹುಟ್ಟಿರಲಿಲ್ಲ.

ನೋಡಿದಿರಾ, ಕ್ರಾಂತಿ ಎಲ್ಲಾ ವ್ಯರ್ಥ, ಎಲ್ಲರೂ ಅಷ್ಟೇ ಅಂತ ಈ ಪುಸ್ತಕ ತೋರಿಸುವವರು ಬಹಳ ಜನ. ನಾನು ಒಪ್ಪುವುದಿಲ್ಲ. ಅದೇ ಕಾಗದದಲ್ಲಿ ಆರ್ವೆಲ್ ಹೇಳುವುದು ಬೇರೆ: ಜನ ಎಚ್ಚರವಾಗಿದ್ದು, ಕೆಲಸ ಮುಗಿದ ಕೂಡಲೇ ನಾಯಕರನ್ನು ಇಳಿಸುವುದು ಗೊತ್ತಿದ್ದರೆ ಮಾತ್ರ ಕ್ರಾಂತಿಯಿಂದ ದೊಡ್ಡ ಬದಲಾವಣೆ ಆಗುತ್ತದೆ. ಹೇಳಿದವರು 1937ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ಬಲಪಂಥೀಯ ಜನರಲ್ ಫ್ರಾಂಕೋ ವಿರುದ್ಧ ಹೋರಾಡಿ, ಗಂಟಲಿಗೆ ಗುಂಡು ತಿಂದು, ಆಮೇಲೆ ಅಲ್ಲಿನ ಸ್ಟಾಲಿನ್‌ವಾದಿಗಳಿಂದಲೇ ತಪ್ಪಿಸಿಕೊಂಡು ಬಂದವರು. ಅವರು ಬಡವರ ಪರವೇ ಇದ್ದರು.

ಟಿ. ಎಸ್. ಎಲಿಯಟ್ ಅವರಂಥ ದೊಡ್ಡ ಕವಿಯೂ ಇಲ್ಲಿ ಎಡವಿದರು. 1944ರಲ್ಲಿ ಫೇಬರ್ ಪ್ರಕಾಶನದ ಪರವಾಗಿ ಹಸ್ತಪ್ರತಿ ತಿರಸ್ಕರಿಸಿ ಬರೆದ ಪತ್ರದಲ್ಲಿ, ಹಂದಿಗಳೇ ಜಾಸ್ತಿ ಬುದ್ಧಿವಂತರಲ್ಲವೇ, ಬೇಕಿದ್ದದ್ದು ಸ್ವಲ್ಪ ಹೆಚ್ಚು ಜನಪರ ಹಂದಿಗಳು ಅಂತ ವಾದಿಸಬಹುದು ಅಂದರು. ಒಳ್ಳೆ ಹಂದಿ ಸಿಕ್ಕರೆ ಸಾಕು ಅನ್ನುವ ನಂಬಿಕೆಯನ್ನೇ ಅಲ್ಲವೇ ಈ ಕಥೆ ಮುರಿಯುವುದು?

1954ರ ಕಾರ್ಟೂನ್ ಸಿನಿಮಾ ನೋಡಿದವರಿಗೆ ಒಂದು ಮಾತು. ಅದಕ್ಕೆ ಗುಟ್ಟಾಗಿ ಹಣ ಹಾಕಿದ್ದು ಅಮೆರಿಕದ ಸಿಐಎ. ಅದರಲ್ಲಿ ಪ್ರಾಣಿಗಳು ಕೊನೆಗೆ ಹಂದಿಗಳ ಮೇಲೆ ತಿರುಗಿ ಬೀಳುತ್ತವೆ. ನೋಡಿ ಸಮಾಧಾನದಿಂದ ಮನೆಗೆ ಹೋಗಬಹುದು. ಪುಸ್ತಕದಲ್ಲಿ ಆ ಸಮಾಧಾನ ಇಲ್ಲ, ಅದಕ್ಕೇ ಪುಸ್ತಕವನ್ನೇ ಓದಿ. ಚಿಕ್ಕದು, ಒಂದು ಭಾನುವಾರದಲ್ಲಿ ಮುಗಿಯುತ್ತದೆ. ಓದಿದ ಮೇಲೆ, ಬೆಂಜಮಿನ್ ಬಗ್ಗೆ ನಿಮಗೇನನ್ನಿಸಿತು ಅಂತ ನನಗೆ ಬರೆದು ತಿಳಿಸಿ.