ಎಲೆಯನ್ನಲ್ಲ, ಬೇರನ್ನು ನೋಡಿ

ರೈತ ಬಾಂಧವರಿಗೆ, ಮನೆಯಲ್ಲಿ ಕುಳಿತು ಕೇಳುತ್ತಿರುವ ತಾಯಂದಿರಿಗೆ ನಮಸ್ಕಾರ.

ಈ ಹೊತ್ತು ನಾನು ಹೇಳಬೇಕೆಂದಿರುವುದು ಲೋಹದ ನ್ಯಾನೋ ಕಣಗಳ ವಿಷಯ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಸಿಗುವ ಒಂದು ಪಾಲೇ ನ್ಯಾನೋಮೀಟರ್. ಅಂಥ ನೂರು ಪಾಲಿನ ಒಳಗೆ ಅಡಗುವಷ್ಟು ಸಣ್ಣದಾಗಿ ಬೆಳ್ಳಿ, ತಾಮ್ರ, ಸತು, ಟೈಟಾನಿಯಂಗಳನ್ನು ಇಂದು ಕಾರ್ಖಾನೆಗಳಲ್ಲಿ ತಯಾರಿಸುತ್ತಾರೆ. ಬೆವರಿನ ವಾಸನೆ ತಡೆಯುವ ಕಾಲುಚೀಲದಲ್ಲಿ ಬೆಳ್ಳಿಯ ಕಣಗಳಿರುತ್ತವೆ. ಬಿಸಿಲಿಗೆ ಹಚ್ಚಿಕೊಳ್ಳುವ ಕ್ರೀಮಿನಲ್ಲಿ ಸತುವಿನ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುತ್ತವೆ. ಬಟ್ಟೆ ಒಗೆದಾಗ, ಮುಖ ತೊಳೆದಾಗ ಅವು ಬಚ್ಚಲು ಸೇರಿ, ಬಚ್ಚಲಿನಿಂದ ಗಟಾರಕ್ಕೆ, ಗಟಾರದಿಂದ ನಾಲಾಕ್ಕೆ ಹರಿಯುತ್ತವೆ. ಹುಬ್ಬಳ್ಳಿಯ ಹತ್ತಿರದ ಬಿಡ್ನಾಳ, ಗಬ್ಬೂರಿನ ಕಡೆ ನಾಲಾದ ನೀರನ್ನು ಪಂಪಿನಿಂದ ಎತ್ತಿ ತರಕಾರಿ ಬೆಳೆಯುವ ರೂಢಿ ಬಹಳ ಹಿಂದಿನದು. ಮಳೆ ಕೈಕೊಟ್ಟ ವರ್ಷ ಆ ನೀರೇ ಆಸರೆಯಾಗುವುದರಿಂದ ಅಲ್ಲಿಯ ರೈತರನ್ನು ನಾನು ದೂರುವುದಿಲ್ಲ. ಆದರೆ ಆ ನೀರಿನ ಜೊತೆ ಹೊಲಕ್ಕೆ ಏನೇನು ಬರುತ್ತದೆ ಎಂಬುದು ಅವರಿಗೆ ತಿಳಿದಿರಬೇಕು.

ಸತು ಮತ್ತು ತಾಮ್ರ ಬೆಳೆಗೆ ಬೇಕಾದ ಪೋಷಕಾಂಶಗಳೇ ತಾನೇ ಎಂದು ನೀವು ಕೇಳಬಹುದು. ಬೇಕು, ಆದರೆ ಅತ್ಯಲ್ಪ ಪ್ರಮಾಣದಲ್ಲಿ. ಬೆಲ್ಲದ ಹೆಂಟೆಗಿಂತ ಬೆಲ್ಲದ ಪುಡಿ ಬೇಗ ಕರಗುವ ಹಾಗೆ, ಲೋಹವನ್ನು ಸಣ್ಣದು ಮಾಡಿದಷ್ಟೂ ಅದರ ಹೊರಮೈ ಹೆಚ್ಚಿ, ಅದು ನೀರಿಗೆ ಬೇಗ ಬಿಟ್ಟುಕೊಳ್ಳುತ್ತದೆ. ಅದನ್ನು ಮೊದಲು ಎದುರಿಸುವುದು ಬೇರಿನ ತುದಿ. ನಾನು ಇಂದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ: ಎಲೆಯನ್ನು ನೋಡಿ ಬೆಳೆಯನ್ನು ಅಳೆಯಬೇಡಿ, ಬೇರನ್ನು ನೋಡಿ.

ನಮ್ಮ ಪ್ರಯೋಗಾಲಯದಲ್ಲಿ ನಡೆದ ಒಂದು ಪ್ರಸಂಗವನ್ನು ಹೇಳಿದರೆ ಇದು ಸ್ಪಷ್ಟವಾದೀತು. ವಿದ್ಯಾರ್ಥಿಗಳು ಅಮರಗೋಳದ ಮಾರುಕಟ್ಟೆಯಿಂದ ಉಳ್ಳಾಗಡ್ಡಿ ತಂದು, ಒಣಗಿದ ಹಳೆಯ ಬೇರುಗಳನ್ನು ಕೆರೆದು, ಗಾಜಿನ ಲೋಟಗಳ ಬಾಯಿಯ ಮೇಲೆ ಒಂದೊಂದನ್ನು ಬುಡ ಮಾತ್ರ ನೀರಿಗೆ ತಾಗುವಂತೆ ಕೂರಿಸಿದ್ದರು. ಒಂದು ಸಾಲಿನ ಲೋಟಗಳಲ್ಲಿ ಶುದ್ಧ ನೀರು, ಇನ್ನೊಂದು ಸಾಲಿನಲ್ಲಿ ಬೆಳ್ಳಿಯ ನ್ಯಾನೋ ಕಣ ಬೆರೆಸಿದ ನೀರು. ಗದಗ ತಾಲ್ಲೂಕಿನ ಒಬ್ಬ ವಿದ್ಯಾರ್ಥಿಯ ತಂದೆ ಮಗನನ್ನು ಕಾಣಲು ಬಂದವರು, ತಾವೇ ಉಳ್ಳಾಗಡ್ಡಿ ಬೆಳೆಯುವವರಾದ್ದರಿಂದ, ಲೋಟಗಳ ಮುಂದೆ ನಿಂತುಬಿಟ್ಟರು. ಎರಡೂ ಸಾಲಿನಲ್ಲಿ ಹಸಿರು ಮೊಳಕೆ ಮೇಲೆದ್ದಿತ್ತು. "ಎಲ್ಲಾ ಛಲೋನ ಅದಾವಲ್ರೀ ಸರ" ಎಂದರು. ಎತ್ತಿ ನೋಡಿರಿ ಎಂದೆ. ಶುದ್ಧ ನೀರಿನ ಗಡ್ಡೆಯ ಕೆಳಗೆ ಬಿಳಿಯ ಬೇರುಗಳು ಬೆರಳುದ್ದ ಇಳಿದಿದ್ದವು. ಬೆಳ್ಳಿಯ ನೀರಿನ ಗಡ್ಡೆಯಲ್ಲಿ ಕಂದು ಬಣ್ಣದ, ಮೊಂಡಾದ ಕುಡಿಗಳಷ್ಟೇ ಇದ್ದವು. ಅವರು ಒಂದೊಂದೇ ಗಡ್ಡೆಯನ್ನು ಎತ್ತಿ, ತಿರುಗಿಸಿ, ಹೆಬ್ಬೆರಳಿನಿಂದ ಬೇರಿನ ತುದಿಯನ್ನು ಸವರಿ ನೋಡಿ, ಮತ್ತೆ ಅದರ ಜಾಗದಲ್ಲೇ ಇಟ್ಟರು. ಕೊನೆಗೆ, "ಮ್ಯಾಲ ಹಸರ ಐತ್ರೀ, ಬುಡದಾಗ ಏನೂ ಇಲ್ಲ" ಎಂದರು. ವಿಷಯವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ವಿಜ್ಞಾನಿಯನ್ನು ನಾನು ಕಂಡಿಲ್ಲ. ಗಡ್ಡೆಯೊಳಗೆ ಕೂಡಿಟ್ಟ ಆಹಾರ ಇರುವವರೆಗೆ ಮೊಳಕೆ ಹಸಿರಾಗಿಯೇ ಇರುತ್ತದೆ. ಬೇರು ಅಷ್ಟರಲ್ಲಿ ಸೋತಿರುತ್ತದೆ.

ಆ ತುದಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಕಾರಣ ಕಾಣುತ್ತದೆ. ಬೇರು ಉದ್ದವಾಗುವುದು ತುದಿಯ ಜೀವಕೋಶಗಳು ಒಡೆದು ಎರಡಾಗಿ, ಆಮೇಲೆ ಹಿಗ್ಗುವುದರಿಂದ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 100 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು, ಬೆಳ್ಳಿಯ ನ್ಯಾನೋ ಕಣಗಳಿದ್ದಾಗ ಉಳ್ಳಾಗಡ್ಡಿಯ ಬೇರಿನಲ್ಲಿ ವಿಭಜನೆಯಾಗುವ ಕೋಶಗಳ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಕೋಶದೊಳಗೆ ವಂಶಗುಣವನ್ನು ಹೊರುವ ವರ್ಣತಂತುಗಳು ತುಂಡಾಗಿದ್ದವು, ಒಂದಕ್ಕೊಂದು ಅಂಟಿಕೊಂಡಿದ್ದವು. ಸತುವಿನ ಆಕ್ಸೈಡ್ ಕಣಗಳು ಮೂಲಂಗಿಯ ಬೇರಿನ ಬೆಳವಣಿಗೆಯನ್ನು ತಡೆದದ್ದು 2007ರಲ್ಲಿಯೇ ವರದಿಯಾಗಿದೆ.

ಸೋಯಾ ಅವರೆ ಬೆಳೆಯುವ ಧಾರವಾಡ, ಹಾವೇರಿಯ ರೈತರು ಇನ್ನೊಂದನ್ನು ಕೇಳಿಸಿಕೊಳ್ಳಬೇಕು. 2012ರಲ್ಲಿ ಅಮೆರಿಕದ ಸಂಶೋಧಕರು ಸೋಯಾ ಗಿಡಗಳನ್ನು ಸೀರಿಯಂ ಎಂಬ ಲೋಹದ ಆಕ್ಸೈಡಿನ ನ್ಯಾನೋ ಕಣ ಬೆರೆಸಿದ ಮಣ್ಣಿನಲ್ಲಿ ಬೆಳೆಸಿದಾಗ, ಪ್ರಮಾಣ ಹೆಚ್ಚಿದ್ದಲ್ಲಿ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಗಿಡಕ್ಕಾಗಿ ಹಿಡಿದಿಡುವ ಕೆಲಸವನ್ನೇ ನಿಲ್ಲಿಸಿದವು. ಸತುವಿನ ಆಕ್ಸೈಡ್ ಬೆರೆಸಿದ ಕಡೆ ಸತು ಎಲೆಗೂ ಕಾಳಿಗೂ ಏರಿತು. ಗಂಟು ಕೆಲಸ ಮಾಡದಿದ್ದರೆ ಯೂರಿಯಾದ ಖರ್ಚು ನಿಮ್ಮ ತಲೆಯ ಮೇಲೆ ಬೀಳುತ್ತದೆ. ಆದ್ದರಿಂದ ಸೋಯಾ ಗಿಡ ಕಿತ್ತಾಗ ಬೇರನ್ನು ನೋಡಿ, ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಅದು ದುಡಿಯುತ್ತಿದೆ ಎಂದು ತಿಳಿಯಿರಿ.

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂದಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಕೆಲವು ಕೀಟನಾಶಕಗಳು ಕಾಲಕ್ರಮದಲ್ಲಿ ಒಡೆದು ಹೋಗುತ್ತವೆ, ಲೋಹ ಹಾಗೆ ಹೋಗುವುದಿಲ್ಲ. ಮಣ್ಣಿಗೆ ಬಿದ್ದದ್ದು ಮಣ್ಣಿನಲ್ಲೇ ಉಳಿಯುತ್ತದೆ. ನಮ್ಮ ಎರೆ ಮಣ್ಣು ಕ್ಷಾರೀಯವಾದ್ದರಿಂದ ಸತು ಅಲ್ಲಿ ನಿಧಾನವಾಗಿ ಕರಗುತ್ತದೆ, ಕೊಟ್ಟಿಗೆ ಗೊಬ್ಬರ ಲೋಹವನ್ನು ಹಿಡಿದಿಡುತ್ತದೆ. ಹಾಗೆಂದು ಕೊಳಚೆಯ ಗೋಡನ್ನು ಪರೀಕ್ಷೆಯಿಲ್ಲದೆ ಹೊಲಕ್ಕೆ ಹೇರಬೇಡಿ. ಬೆಳೆಗೆ ಸಿಂಪಡಿಸುವ ಸತುವಿನ ನ್ಯಾನೋ ದ್ರಾವಣದ ಬಾಟಲಿ ಕೊಳ್ಳುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ: ಮಣ್ಣಿನಲ್ಲಿ ಗಿಡಕ್ಕೆ ದೊರೆಯುವ ಸತು 0.6 ಪಿಪಿಎಂಗಿಂತ ಕಡಿಮೆ ಇದ್ದರೆ ಮಾತ್ರ ಕೊರತೆ ಎನ್ನುತ್ತೇವೆ. ಪಕ್ಕದ ಹೊಲದವರು ಹೊಡೆದರೆಂದು ನೀವೂ ಹೊಡೆಯುವುದು, ಒಂದು ಮುಚ್ಚಳ ಸಾಲದೆಂದು ಎರಡು ಹಾಕುವುದು, ಇವನ್ನು ದಯವಿಟ್ಟು ನಿಲ್ಲಿಸಿ.

ನಿಮ್ಮ ನಾಲಾದ ನೀರಿನ ಬಗ್ಗೆ ಸಂದೇಹವಿದ್ದರೆ ಎರಡು ಲೋಟ, ಎರಡು ಉಳ್ಳಾಗಡ್ಡಿ ಸಾಕು. ಒಂದಕ್ಕೆ ಕುಡಿಯುವ ನೀರು, ಇನ್ನೊಂದಕ್ಕೆ ನಾಲಾದ ನೀರು ಹಾಕಿ, ನೆರಳಿನಲ್ಲಿಟ್ಟು, ನಾಲ್ಕೈದು ದಿನ ಬಿಟ್ಟು ಎತ್ತಿ ನೋಡಿ. ತೊಂದರೆ ಕೊಟ್ಟದ್ದು ಲೋಹವೋ, ಉಪ್ಪೋ, ಸಾಬೂನೋ ಎಂಬುದನ್ನು ಉಳ್ಳಾಗಡ್ಡಿ ಹೇಳುವುದಿಲ್ಲ, ಆದರೆ ತೊಂದರೆ ಇದೆ ಎಂಬುದನ್ನು ಹೇಳುತ್ತದೆ. ಬೇರು ಮೊಂಡಾಗಿದ್ದರೆ ಅದೇ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು, ಹೊಲದ ಮಣ್ಣಿನ ಜೊತೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ನಮಸ್ಕಾರ.