"ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?" ಅಂತ ಕೇಳಬೇಡಿ

ಎಲ್ಲರಿಗೂ ನಮಸ್ಕಾರ. ಇವತ್ತು ಒಂದು ಪ್ರಶ್ನೆಯ ಮೇಲೆ ನನಗೆ ತಕರಾರಿದೆ. ಡಾಕ್ಟರ್ ಬಿಪಿ ನೋಡುತ್ತಾರೆ, 160 ತೋರಿಸುತ್ತದೆ. "ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?" ಅಂತ ಕೇಳುತ್ತಾರೆ. "ಹ್ಞೂಂ, ದಿನಾ ತಗೊಳ್ತೀನಿ." ಅಲ್ಲಿಗೆ ಮುಗಿಯಿತು. ಬೇರೆ ಉತ್ತರ ಕೊಟ್ಟರೆ ಬೈಗುಳ ಗ್ಯಾರಂಟಿ ಅಂತ ಗೊತ್ತಿರುವಾಗ ಯಾರು ತಾನೇ ನಿಜ ಹೇಳುತ್ತಾರೆ?

ನಿಜ ಏನು ಅಂತ ಮುಚ್ಚಳಗಳು ಹೇಳಿವೆ. ಸುಮ್ನೆ ಹೇಳುತ್ತಿಲ್ಲ. ಮಾತ್ರೆ ಡಬ್ಬಿಯ ಮುಚ್ಚಳದಲ್ಲಿ ಪುಟ್ಟ ಚಿಪ್ ಇಟ್ಟು, ಅದನ್ನು ಯಾವಾಗ ತೆರೆದರು ಅಂತ ದಾಖಲಿಸುವ ವಿಧಾನ ಒಂದಿದೆ. ಹಾಗೆ ಗಮನಿಸಿದ 4,783 ಬಿಪಿ ರೋಗಿಗಳ ಲೆಕ್ಕ 2008ರಲ್ಲಿ ಪ್ರಕಟವಾಯಿತು. ವರ್ಷದೊಳಗೆ ಸುಮಾರು ಅರ್ಧ ಜನ ಮಾತ್ರೆಯನ್ನೇ ಬಿಟ್ಟಿದ್ದರು. ಮುಂದುವರಿಸಿದವರು ಯಾವುದೇ ದಿನ ತಪ್ಪಿಸಿದ್ದು ನೂರಕ್ಕೆ ಸುಮಾರು ಹತ್ತು ಡೋಸ್ ಮಾತ್ರ. ಇವರೆಲ್ಲ ಔಷಧ ಪ್ರಯೋಗಕ್ಕೆ ಸೇರಿದವರು ಬೇರೆ!

ಅಂದರೆ ಮರೆವು ಚಿಕ್ಕ ಕಳ್ಳ. ದೊಡ್ಡ ನಷ್ಟ ಆಗುವುದು ಮಾತ್ರೆಯನ್ನು ಸದ್ದಿಲ್ಲದೆ ನಿಲ್ಲಿಸಿಬಿಡುವುದರಿಂದ. ಆದರೆ ನಾವು ಅಲಾರಾಂ, ಆ್ಯಪ್ ಅಂತ ಮರೆವಿನ ಹಿಂದೆಯೇ ಬಿದ್ದಿದ್ದೇವೆ.

ಯಾಕೆ ನಿಲ್ಲಿಸುತ್ತಾರೆ? ಬಿಪಿ ಜಾಸ್ತಿ ಇದ್ದಾಗ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಮಾತ್ರೆಯ ಕಾಟ. ಅಮ್ಲೋಡಿಪಿನ್ ತಗೊಂಡವರಲ್ಲಿ ಕೆಲವರಿಗೆ ಕಾಲು ಊದುತ್ತದೆ, ಸಂಜೆ ಹೊತ್ತಿಗೆ ಚಪ್ಪಲಿ ಬಿಗಿ. ಎನಲಾಪ್ರಿಲ್, ರಾಮಿಪ್ರಿಲ್ ಥರದವು ಕೆಲವರಿಗೆ ಬಿಡದೆ ಒಣಕೆಮ್ಮು ತರುತ್ತವೆ. ಆರಾಮಾಗಿದ್ದ ಮನುಷ್ಯನಿಗೆ ಮಾತ್ರೆಯಿಂದಲೇ ಕಾಯಿಲೆ ಬಂದ ಹಾಗೆ ಅನಿಸಿದರೆ ಆಶ್ಚರ್ಯವೇನು? ಇನ್ನು ಕೆಲವರು "ನಾರ್ಮಲ್ ಆಯ್ತಲ್ಲ" ಅಂತ ಬಿಡುತ್ತಾರೆ. ನಾರ್ಮಲ್ ಆಗಿದ್ದೇ ಮಾತ್ರೆಯಿಂದ, ಸ್ವಾಮಿ.

ಸುಳ್ಳಿನ ಬೆಲೆ ಸಣ್ಣದಲ್ಲ. ಔಷಧ ಸಾಲುತ್ತಿಲ್ಲ ಅಂದುಕೊಂಡು ಡಾಕ್ಟರ್ ಡೋಸ್ ಏರಿಸುತ್ತಾರೆ, ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಮುಂದೊಂದು ದಿನ ರೋಗಿ ಎಲ್ಲವನ್ನೂ ಒಟ್ಟಿಗೆ ನುಂಗಿದರೆ ಬಿಪಿ ಕುಸಿದು ತಲೆ ಸುತ್ತಿ ಬೀಳಬಹುದು. ಕ್ಲೋನಿಡಿನ್‌ನಂಥ ಮಾತ್ರೆಯನ್ನಂತೂ ದಿಢೀರ್ ಬಿಟ್ಟರೆ ಬಿಪಿ ಒಮ್ಮೆಲೇ ಮೇಲಕ್ಕೆ ಹಾರುತ್ತದೆ. ಚೆಕಪ್ ಹತ್ತಿರ ಬಂದಾಗ ಮಾತ್ರ ನಿಯತ್ತಾಗಿ ನುಂಗುವವರೂ ಇದ್ದಾರೆ. ಪರೀಕ್ಷೆ ಹಿಂದಿನ ದಿನ ಓದುವವರ ಹಾಗೆ!

ಆದ್ದರಿಂದ ಡಾಕ್ಟರುಗಳೇ, "ಹೋದ ವಾರ ಎಷ್ಟು ಮಾತ್ರೆ ತಪ್ಪಿತು? ಯಾವುದು ಒಗ್ಗುತ್ತಿಲ್ಲ?" ಅಂತ ಕೇಳಿ ನೋಡಿ. ತಪ್ಪುವುದು ಸಹಜ ಅನ್ನುವ ದನಿಯಲ್ಲಿ ಕೇಳಿದರೆ ಜನ ಬಾಯಿ ಬಿಡುತ್ತಾರೆ. ಎರಡು ಮೂರು ಔಷಧ ಬೇಕಾದರೆ ಒಂದೇ ಮಾತ್ರೆಯಲ್ಲಿ ಸೇರಿಸಿ ಬರೆಯಿರಿ. ಮಾತ್ರೆ ಕಮ್ಮಿಯಾದಷ್ಟೂ ಬಿಡುವವರು ಕಮ್ಮಿ.

ರೋಗಿಗಳಿಗೂ ಒಂದು ಮಾತು. ಕೆಮ್ಮು ಬಂದರೆ ಮಾತ್ರೆ ಬಿಡಬೇಡಿ, ಬದಲಾಯಿಸಿಕೊಡಿ ಅಂತ ಕೇಳಿ, ಬೇರೆ ಗುಂಪಿನವು ಬೇಕಾದಷ್ಟಿವೆ. ಬೆಳಿಗ್ಗೆ ಗಡಿಬಿಡಿಯಲ್ಲಿ ತಪ್ಪುತ್ತಿದ್ದರೆ ರಾತ್ರಿಗೆ ಬದಲಾಯಿಸಬಹುದಾ ಅಂತಲೂ ಕೇಳಿ. 21,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೆಳಿಗ್ಗೆ ತಗೊಂಡವರಿಗೂ ರಾತ್ರಿ ತಗೊಂಡವರಿಗೂ ಹೃದಯಾಘಾತ, ಪಾರ್ಶ್ವವಾಯುವಿನ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೂತ್ರ ಜಾಸ್ತಿ ಮಾಡಿಸುವ ಮಾತ್ರೆಯಾದರೆ ಮಾತ್ರ ರಾತ್ರಿ ಬೇಡ. ನಿದ್ದೆ ಕೆಡುತ್ತದೆ, ಆಮೇಲೆ ಅದನ್ನೂ ಬಿಡುತ್ತೀರಿ!