ವ್ಯಾಗನ್ನುಗಳು ಉಳಿಸಿದ ಎಂಜಿನ್ನುಗಳು

ಕೇಳುಗರಿಗೆ ನಮಸ್ಕಾರ.

ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವವರನ್ನು ನೋಡಿದ್ದೀರಲ್ವಾ? ಕೊಂಬಿನ ಬಣ್ಣಕ್ಕೆ, ಕೊರಳ ಗೊಂಡೆಗೆ ಅವರು ಮರುಳಾಗುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಬ್ರಿಟನ್ನಿನ ಹಳೆಯ ರೈಲ್ವೆ ವ್ಯಾಗನ್ನುಗಳ ಗುರುತು ಹಿಡಿಯುವವರೂ ಹಾಗೇ. ಮಂಡಿಯೂರಿ ಕೂತು ಗಾಡಿಯ ತಳದ ಉದ್ದ ತೊಲೆ ನೋಡುತ್ತಾರೆ.

ಆ ತೊಲೆಯ ಮೇಲೆ ಎರಕದ ಕಬ್ಬಿಣದ ಒಂದು ಪುಟ್ಟ ಫಲಕ ಇರುತ್ತದೆ. ತುಕ್ಕು ಉಜ್ಜಿ, ಸೀಮೆಸುಣ್ಣ ಸವರಿದರೆ ಉಬ್ಬಿದ ಅಕ್ಷರಗಳು ಬೆಳ್ಳಗೆ ಎದ್ದು ಬರುತ್ತವೆ. ನಂಬರು, ಕಟ್ಟಿದ ವರ್ಷ, ಕಟ್ಟಿದ ಕಾರ್ಖಾನೆ, ಎಷ್ಟು ಟನ್ ಹೊರುತ್ತದೆ ಅನ್ನುವುದು.

ನಂಬರಿನ ಶುರುವಿನಲ್ಲಿರುವ ಒಂದೇ ಅಕ್ಷರ ಎಷ್ಟು ಹೇಳುತ್ತದೆ ನೋಡಿ. 1948ರ ಜನವರಿ 1ರಂದು ಅಲ್ಲಿನ ನಾಲ್ಕು ದೊಡ್ಡ ರೈಲು ಕಂಪನಿಗಳು ಸರ್ಕಾರದ ಕೈಗೆ ಬಂದವು. ಜೊತೆಗೆ ಸುಮಾರು 12 ಲಕ್ಷ ವ್ಯಾಗನ್ನುಗಳು, ಸುಮಾರು 20 ಸಾವಿರ ಸ್ಟೀಮ್ ಎಂಜಿನ್ನುಗಳು. ವ್ಯಾಗನ್ನಿನ ನಂಬರಿಗೆ 'ಡಬ್ಲ್ಯು' ಇದ್ದರೆ ಅದು ಗ್ರೇಟ್ ವೆಸ್ಟರ್ನ್ ಕಂಪನಿಯದು. 'ಎಸ್' ಇದ್ದರೆ ಸದರ್ನ್. 'ಪಿ' ಇದ್ದರೆ ಗಣಿ ಮಾಲೀಕರೋ ಕಲ್ಲಿದ್ದಲು ವ್ಯಾಪಾರಿಗಳೋ ಇಟ್ಟುಕೊಂಡಿದ್ದ ಖಾಸಗಿ ಗಾಡಿ. 'ಬಿ' ಇದ್ದರೆ ಸರ್ಕಾರಿ ರೈಲ್ವೆ ಬಂದ ಮೇಲೆ ಕಟ್ಟಿದ್ದು. ಅಚ್ಚಿನ ತುದಿಯ ಗ್ರೀಸ್ ಪೆಟ್ಟಿಗೆಯ ಮೇಲೂ ಕಂಪನಿಯ ಹೆಸರು ಎರಕದಲ್ಲಿ ಇರುವುದುಂಟು. ಆದರೆ ಅದೊಂದನ್ನೇ ನಂಬಬಾರದು. ರಿಪೇರಿಯಲ್ಲಿ ಒಂದರ ಪೆಟ್ಟಿಗೆ ಇನ್ನೊಂದಕ್ಕೆ ಹೋಗಿರುತ್ತದೆ.

ಗ್ರೇಟ್ ವೆಸ್ಟರ್ನ್‌ನವರು ಎಷ್ಟೋ ಬಗೆಯ ವ್ಯಾಗನ್ನುಗಳಿಗೆ ಪ್ರಾಣಿಗಳ ಹೆಸರು ಇಟ್ಟಿದ್ದರು. ತಂತಿ ಸಂದೇಶದಲ್ಲಿ ಪದ ಉಳಿಯಲಿ ಅಂತ. ಭಾರದ ಸಾಮಾನು ಹೊರುವ ತಗ್ಗು ಗಾಡಿ 'ಕ್ರೊಕೊಡೈಲ್', ಅಂದರೆ ಮೊಸಳೆ. ಗಾರ್ಡ್ ಕೂರುವ ಬ್ರೇಕ್ ವ್ಯಾನ್ 'ಟೋಡ್', ನೆಲಗಪ್ಪೆ. ಒಂದೇ ತುದಿಗೆ ಜಗಲಿ ಇರುವ ಆ ನೆಲಗಪ್ಪೆ ನನಗೆ ತುಂಬಾ ಇಷ್ಟ.

ಈಗ ಎಂಜಿನ್ನುಗಳ ವಿಷಯ. 1955ರಲ್ಲಿ ರೈಲ್ವೆಯನ್ನು ಹೊಸದು ಮಾಡುವ ಯೋಜನೆ ಬಂತು. ಉಗಿ ಹೋಗಿ ಡೀಸೆಲ್, ವಿದ್ಯುತ್ ಬರಬೇಕು ಅಂತ ತೀರ್ಮಾನ. 1968ರ ಆಗಸ್ಟ್ ಹೊತ್ತಿಗೆ ಮುಖ್ಯ ಹಳಿಗಳ ಮೇಲೆ ಉಗಿ ಎಂಜಿನ್ನುಗಳ ಕಾಲ ಮುಗಿಯಿತು. ಸಾವಿರಾರು ಎಂಜಿನ್ನುಗಳು ಗುಜರಿಗೆ ಹೋದವು.

ದಕ್ಷಿಣ ವೇಲ್ಸ್‌ನಲ್ಲಿ ಸಮುದ್ರದ ದಡದಲ್ಲಿ ಬ್ಯಾರಿ ಅಂತ ಊರು. ಅಲ್ಲಿ ಡೈ ವುಡ್‌ಹ್ಯಾಮ್ ಅವರ ಗುಜರಿ ಅಂಗಳ. ಅವರು ರೈಲ್ವೆಯಿಂದ ಕೊಂಡ ಎಂಜಿನ್ನುಗಳು 297. ಆದರೆ ಹಳೆಯ ವ್ಯಾಗನ್ನುಗಳೂ ರಾಶಿ ರಾಶಿ ಬರುತ್ತಿದ್ದವು. ವ್ಯಾಗನ್ ಕತ್ತರಿಸುವುದು ಸುಲಭ, ಬೇಗ ಮುಗಿಯುತ್ತದೆ. ಎಂಜಿನ್ ಅಂದರೆ ಬಾಯ್ಲರು, ತಾಮ್ರ, ಹಿತ್ತಾಳೆ, ದಪ್ಪ ಉಕ್ಕು, ಎಲ್ಲ ಬೇರೆ ಮಾಡಬೇಕು. ಹಾಗಾಗಿ ಮೊದಲು ವ್ಯಾಗನ್, ಎಂಜಿನ್ ಆಮೇಲೆ ಅಂತಾಯಿತು. ಆ 'ಆಮೇಲೆ' ವರ್ಷಗಟ್ಟಲೆ ಎಳೆಯಿತು. ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತಾ ಎಂಜಿನ್ನುಗಳು ಸಾಲಾಗಿ ನಿಂತವು. ಅಷ್ಟರಲ್ಲಿ ಉಗಿಬಂಡಿ ಪ್ರೀತಿಸುವವರು ದುಡ್ಡು ಕೂಡಿಸಿ ಒಂದೊಂದನ್ನೇ ಬಿಡಿಸಿಕೊಂಡರು. 1968ರಲ್ಲಿ ಮೊದಲು ಹೊರಟಿದ್ದು 43924 ನಂಬರಿನದು, 1990ರ ಜನವರಿಯಲ್ಲಿ ಕೊನೆಗೆ ಹೊರಟಿದ್ದು 5553. ಒಟ್ಟು 213 ಉಳಿದವು. ವ್ಯಾಗನ್ನುಗಳು ತಾವು ಮೊದಲು ಹೋಗಿ ಇವುಗಳನ್ನು ಕಾದವು. ನಾನಂತೂ ಹಾಗೇ ನೋಡುತ್ತೇನೆ.

ಬ್ಯಾರಿಯಲ್ಲಿ ಎಷ್ಟೋ ಎಂಜಿನ್ನುಗಳ ಫಲಕ, ಹಿತ್ತಾಳೆ ಭಾಗ ಕಾಣೆಯಾಗಿದ್ದವು. ಆಗ ಚಕ್ರಗಳನ್ನು ಓಡಿಸುವ ಉಕ್ಕಿನ ದಂಡದ ಜಿಡ್ಡು ಒರೆಸಿ ನೋಡಬೇಕು. ಎಂಜಿನ್ ನಂಬರನ್ನು ಅದರ ಮೇಲೆ ಒತ್ತಿರುತ್ತಾರೆ. ಇಲ್ಲೂ ಹುಷಾರಾಗಿರಬೇಕು. ಕಾರ್ಖಾನೆಯಲ್ಲಿ ಬಿಡಿಭಾಗಗಳು ಅದಲುಬದಲಾಗಿ, ಒಂದೇ ಎಂಜಿನ್ನಿನ ಮೇಲೆ ಎರಡು ಮೂರು ನಂಬರು ಸಿಗುತ್ತವೆ. ಯಾವ ಶೆಡ್ಡಿನಿಂದ, ಯಾವ ತಿಂಗಳು ಸೇವೆಯಿಂದ ತೆಗೆದರು, ಯಾವ ಗುಜರಿಗೆ ಮಾರಿದರು ಅನ್ನುವ ದಾಖಲೆಯ ಜೊತೆ ತಾಳೆ ನೋಡಲೇಬೇಕು.

ವ್ಯಾಗನ್ನುಗಳಲ್ಲೂ ಕೆಲವು ಉಳಿದಿವೆ. ಚಕ್ರ ಕಳಚಿದ ಮರದ ಡಬ್ಬಿಗಳನ್ನು ರೈತರು ಕೊಂಡು ಹೊಲದಲ್ಲಿ ಇಟ್ಟುಕೊಂಡರು. ಒಳಗೆ ಹುಲ್ಲು, ಇಲ್ಲವೇ ಕೋಳಿ. ಅಲ್ಲಿ ಫಲಕ ಹೋಗಿದ್ದರೆ ಹಲಗೆ ಎಣಿಸಬೇಕು, ತುದಿಯ ಗಾಳಿಕಿಂಡಿ ನೋಡಬೇಕು. ಇನ್ನೊಂದು ಉಪಾಯ ಇದೆ. ಬಿಳಿ ಬಣ್ಣದಲ್ಲಿ ಅಕ್ಷರ ಬರೆದಿದ್ದ ಕಡೆ ಮರ ಸ್ವಲ್ಪ ಕಡಿಮೆ ಸವೆದಿರುತ್ತದೆ. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಪಕ್ಕದಲ್ಲಿ ನಿಂತು ನೋಡಿದರೆ, ಬಣ್ಣವೇ ಇಲ್ಲದ ಹಲಗೆಯ ಮೇಲೆ ಕಂಪನಿಯ ಹೆಸರು ತೆಳ್ಳಗೆ ಕಾಣುತ್ತದೆ.

ನಮಸ್ಕಾರ.